ಟೇಪಿನ ತಪ್ಪೋ, ಯಂತ್ರದ ತಪ್ಪೋ? ಹಳೆ ವಿಡಿಯೊ ಕ್ಯಾಸೆಟ್ ಡಿಸ್ಕಿಗೆ ಇಳಿಸುವಾಗ ದೋಷ ಹುಡುಕುವ ಬಗೆ

ಒಂದೇ ಪೆಟ್ಟಿಗೆಯಲ್ಲಿ ಒಂದು ಕಡೆ ವಿಸಿಆರ್, ಇನ್ನೊಂದು ಕಡೆ ಡಿವಿಡಿ ರೆಕಾರ್ಡರ್ ಇರುವ ಕಾಂಬೊ ಯಂತ್ರ ಈಗ ಹೊಸದಾಗಿ ಸಿಗುವುದಿಲ್ಲ. ಕೊನೆಯವರೆಗೂ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಹಾಗಾಗಿ ನಿಮ್ಮ ಮುಂದಿರುವುದು ಹತ್ತಾರು ವರ್ಷ ಅಟ್ಟದ ಮೇಲೆ ಕುಳಿತಿದ್ದ ಯಂತ್ರ. ಅದರೊಳಗೆ ಹಾಕುವ ಕ್ಯಾಸೆಟ್ಟಿಗೆ ಅದಕ್ಕಿಂತ ಜಾಸ್ತಿ ವಯಸ್ಸು. ಚಿತ್ರ ಕೆಟ್ಟು ಬಂದರೆ ಯಾರನ್ನು ಬೈಯುವುದು?

ಹುಬ್ಬಳ್ಳಿಯಲ್ಲಿ ಬಳಗದವರ, ಓಣಿಯವರ ಕ್ಯಾಸೆಟ್ಟುಗಳನ್ನು ಇಳಿಸಿಕೊಡುವಾಗ ನಾನು ಪದೇ ಪದೇ ಕೇಳುವ ಮಾತು ಒಂದಿದೆ. "ಮೊದಲ ಚಲೋ ಬರ್ತಿತ್ತರೀ, ನಿಮ್ಮ ಮಷಿನ್ನಾಗ ಹಾಕಿದ ಮ್ಯಾಲೆ ಹಿಂಗಾಗೇದ." ಮೊದಲು ಅಂದರೆ ಯಾವಾಗ ಎಂದು ಕೇಳಿದರೆ ಇಪ್ಪತ್ತು ವರ್ಷದ ಹಿಂದಿನ ದೀಪಾವಳಿ! ಅದಕ್ಕೇ ಬಾಯಿಮಾತು ನಂಬಿ ಕೆಲಸ ಶುರು ಮಾಡಬಾರದು. ದೋಷ ಟೇಪಿನಲ್ಲಿದೆಯೋ, ಅದನ್ನು ಓದುವ ವಿಸಿಆರ್‌ನಲ್ಲಿದೆಯೋ, ಬರೆಯುವ ಡಿಸ್ಕಿನ ಕಡೆ ಇದೆಯೋ ಎಂದು ಬೇರೆ ಬೇರೆ ಮಾಡಿ ನೋಡಬೇಕು.

ಮೊದಲು ಬೇಕಾಗುವುದು ಹೋದರೂ ಚಿಂತೆಯಿಲ್ಲದ ಒಂದು ಟೇಪು

ದೋಷ ಹುಡುಕುವ ಕೆಲಸವನ್ನು ಮದುವೆ ಕ್ಯಾಸೆಟ್ಟಿನ ಮೇಲೆ ಮಾಡಬೇಡಿ. ನಾನು ಹೇಳಬೇಕಾದ ಮಾತುಗಳಲ್ಲಿ ಮುಖ್ಯವಾದದ್ದು ಇದೇ. ಹಳೆ ಟೇಪನ್ನು ಎಷ್ಟು ಸಲ ಓಡಿಸುತ್ತೀರೋ ಅಷ್ಟು ಸವೆಯುತ್ತದೆ. ಯಂತ್ರದ ರಬ್ಬರು ಗಟ್ಟಿಯಾಗಿದ್ದರೆ ಮೊದಲ ಸಲವೇ ಟೇಪನ್ನು ಜಗಿದು ಹಾಕಬಹುದು. ದೂರದರ್ಶನದಿಂದ ಯಾವುದೋ ಕ್ರಿಕೆಟ್ ಮ್ಯಾಚ್ ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್ ಮನೆಯಲ್ಲಿ ಇದ್ದೇ ಇರುತ್ತದೆ. ಅದು ಪರೀಕ್ಷೆಗೆ ಸಾಕು. ಬೂಷ್ಟು ಹಿಡಿದಿರಬಾರದು, ಅಷ್ಟೇ.

ಎರಡನೆಯದು, ಮನೆಯ ಕ್ಯಾಸೆಟ್ಟುಗಳ ಬೆನ್ನಿನ ಮೇಲಿರುವ ಸಣ್ಣ ಪ್ಲಾಸ್ಟಿಕ್ ತುಂಡನ್ನು ಸ್ಕ್ರೂಡ್ರೈವರ್‌ನಿಂದ ಮುರಿದು ತೆಗೆಯಿರಿ. ಅದು ಹೋದರೆ ಆ ಟೇಪಿನ ಮೇಲೆ ರೆಕಾರ್ಡ್ ಆಗುವುದಿಲ್ಲ. ಅನೇಕ ಕಾಂಬೊ ಯಂತ್ರಗಳು ಎರಡೂ ದಿಕ್ಕಿಗೆ ನಕಲು ಮಾಡುತ್ತವೆ, ಟೇಪಿನಿಂದ ಡಿಸ್ಕಿಗೆ ಮತ್ತು ಡಿಸ್ಕಿನಿಂದ ಟೇಪಿಗೆ. ರಿಮೋಟಿನಲ್ಲಿ ಬಟನ್ ತಪ್ಪಿ ಒತ್ತಿದರೆ ಮುತ್ತೈದೆಯರು ಆರತಿ ಎತ್ತುವ ಜಾಗದಲ್ಲಿ ನೀಲಿ ಪರದೆ ಕೂರುತ್ತದೆ. ಅಳಿಸಿಹೋದದ್ದನ್ನು ಯಾರೂ ತಂದುಕೊಡಲಾರರು.

ಈಗ ಪರೀಕ್ಷೆ. ಟೇಪು ಹಾಕದೆಯೇ, ಸೆಟ್‌ಟಾಪ್ ಬಾಕ್ಸಿನ ಹಳದಿ-ಬಿಳಿ-ಕೆಂಪು ವೈರನ್ನು ಯಂತ್ರದ ಎವಿ ಇನ್‌ಪುಟ್ಟಿಗೆ ಚುಚ್ಚಿ, ಅಳಿಸಿ ಮತ್ತೆ ಬರೆಯಬಹುದಾದ ಒಂದು ಡಿವಿಡಿ-ಆರ್‌ಡಬ್ಲ್ಯು ಡಿಸ್ಕಿನ ಮೇಲೆ ಐದು ನಿಮಿಷ ರೆಕಾರ್ಡ್ ಮಾಡಿ ನೋಡಿ. ಅದು ಚೆನ್ನಾಗಿ ಬಂದರೆ ಡಿಸ್ಕಿನ ಕಡೆ ಆರೋಗ್ಯವಾಗಿದೆ. ಆಮೇಲೆ ಪರೀಕ್ಷೆಯ ಟೇಪನ್ನು ಹಾಕಿ ಟಿವಿಯಲ್ಲಿ ಮಾತ್ರ ನೋಡಿ, ರೆಕಾರ್ಡ್ ಬೇಡ. ಅದೂ ಸರಿ ಇದ್ದರೆ ವಿಸಿಆರ್ ಸರಿ ಇದೆ. ಇಷ್ಟಾದ ಮೇಲೆ ಉಳಿಯುವುದು ನಿಮ್ಮ ಕ್ಯಾಸೆಟ್ ಒಂದೇ. ಅರ್ಧ ಗಂಟೆಯ ಈ ಕೆಲಸ ಮಾಡದೆ ನೇರವಾಗಿ ಯಂತ್ರ ಬಿಚ್ಚುವವರನ್ನು ನೋಡಿದ್ದೇನೆ. ಬಿಚ್ಚುವ ಚಟ ಕೆಟ್ಟದ್ದು.

ಟಿವಿಯಲ್ಲಿ ಡಿಸ್ಕ್ ಕಾಣುತ್ತದೆ, ಟೇಪು ಹಾಕಿದರೆ ಬರೀ ಕಪ್ಪು ಎಂದರೆ ಗಾಬರಿ ಬೇಡ. ಎಷ್ಟೋ ಕಾಂಬೊಗಳಲ್ಲಿ ಕೆಂಪು-ಹಸಿರು-ನೀಲಿ ವೈರಿನ ಕಾಂಪೊನೆಂಟ್ ಔಟ್‌ಪುಟ್ಟಿನಿಂದ ಡಿವಿಡಿ ಚಿತ್ರ ಮಾತ್ರ ಹೊರಬರುತ್ತದೆ. ಹಳದಿ ವೈರ್ ಹಾಕಿ ನೋಡಿ, ಟೇಪು ಕಾಣುತ್ತದೆ.

ಬೂಷ್ಟು ಹಿಡಿದ ಕ್ಯಾಸೆಟ್

ಗದಗದ ಒಣ ಹವೆಯಲ್ಲಿ ಇದ್ದ ಟೇಪಿಗೂ ಧಾರವಾಡದ ಮಳೆಯಲ್ಲಿ ಇದ್ದ ಟೇಪಿಗೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಗದಗದ್ದಕ್ಕೆ ಧೂಳು ಕಾಟ, ಧಾರವಾಡದ್ದಕ್ಕೆ ಬೂಷ್ಟು. ಕ್ಯಾಸೆಟ್ಟಿನ ಕಿಟಕಿಯಿಂದ ಸುರುಳಿಯ ಮೈ ನೋಡಿ. ಅದು ಒಂದೇ ಸಮ ಕಪ್ಪಗೆ, ನುಣುಪಾಗಿ ಇರಬೇಕು. ಬಿಳಿ ಪುಡಿ, ಬಿಳಿ ಎಳೆ, ಬೂದು ಮಚ್ಚೆ ಕಂಡರೆ ಅದನ್ನು ಯಂತ್ರದೊಳಗೆ ಹಾಕಲೇಬೇಡಿ. ಟೇಪು ಓದುವ ಹೆಡ್ಡಿಗೆ ಮೆತ್ತಿಕೊಂಡ ಬೂಷ್ಟು ಮುಂದೆ ಹಾಕುವ ಒಳ್ಳೆ ಟೇಪುಗಳಿಗೂ ಅಂಟುತ್ತದೆ.

ಧಾರವಾಡದಿಂದ ಒಬ್ಬ ಕಾಕಾ ಚೀಲದ ತುಂಬ ಕ್ಯಾಸೆಟ್ ತಂದಿದ್ದರು. ಮೇಲಿನವು ಚೊಕ್ಕ, ಅಡಿಯಲ್ಲಿದ್ದವು ಬೆಳ್ಳಗೆ. "ಕಾಕಾ, ಇವನ್ನ ಈಗ ಹಾಕೂದು ಬ್ಯಾಡ" ಎಂದರೆ, "ಒಂದ್ ಸಲ ಹಾಕಿ ನೋಡಪಾ, ಏನಾಗ್ತದ" ಎಂದರು. ಇಂಥಲ್ಲಿ ದಾಕ್ಷಿಣ್ಯ ಮಾಡಬಾರದು. ಬೂಷ್ಟಿನ ಕ್ಯಾಸೆಟ್ಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬೇರೆ ಕಟ್ಟಿಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ತೇವ ಹೋಗಲು ಬಿಡಿ. ಬಿಸಿಲಿಗೆ ಇಡಬೇಡಿ, ಹಂಚಿನ ಮೇಲೆ ಅಂತೂ ಬೇಡವೇ ಬೇಡ. ಬೂಷ್ಟು ಒಣಗಿದ ಮೇಲೆ ಅದನ್ನು ತೆಗೆಯುವುದಕ್ಕೇ ಒಂದು ಹಳೆ ವಿಸಿಆರ್ ಮೀಸಲಿಡುವವರು ಇದ್ದಾರೆ. ಆ ಅನುಕೂಲ ಇಲ್ಲದಿದ್ದರೆ ಈ ಕೆಲಸ ಗೊತ್ತಿದ್ದವರ ಕೈಗೆ ಕೊಡುವುದೇ ಸರಿ. ಮುಟ್ಟುವಾಗ ಮೂಗಿಗೆ ಮಾಸ್ಕ್ ಇರಲಿ. ಆ ಪುಡಿ ಎದೆಗೆ ಒಳ್ಳೆಯದಲ್ಲ.

ಒಡೆದ ಡಬ್ಬಿಯದು ಸುಲಭ. ವಿಎಚ್‌ಎಸ್, ಅಂದರೆ ಮನೆಗಳಲ್ಲಿರುವ ಸಾದಾ ದೊಡ್ಡ ವಿಡಿಯೊ ಕ್ಯಾಸೆಟ್ಟಿನ ಅಡಿಯಲ್ಲಿ ಐದು ಸ್ಕ್ರೂ ಇರುತ್ತವೆ. ಬಿಚ್ಚಿ, ಎರಡೂ ಸುರುಳಿಯನ್ನು ಬೇರೆ ಒಳ್ಳೆ ಡಬ್ಬಿಗೆ ಹಾಗೇ ಎತ್ತಿಡಬಹುದು. ಬಿಚ್ಚುವ ಮುಂಚೆ ಟೇಪು ಹಾದುಹೋಗುವ ದಾರಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಚಿತ್ರದಲ್ಲಿ ಗೆರೆ, ಚುಕ್ಕಿ, ಮಂಜು

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದು. ಎಲ್ಲಾ ಗೆರೆಯೂ ಒಂದೇ ಅಲ್ಲ ಎನ್ನುವುದನ್ನು ಮೊದಲು ತಿಳಿಯಬೇಕು.

ಚಿತ್ರದ ಕಟ್ಟಕಡೆಗೆ, ತೀರ ಕೆಳಗೆ, ಒಂದು ಸಣ್ಣ ಪಟ್ಟಿ ಸದಾ ನಡುಗುತ್ತಿರುತ್ತದೆ. ಅದು ದೋಷವೇ ಅಲ್ಲ. ವಿಎಚ್‌ಎಸ್‌ನಲ್ಲಿ ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ಓದು ದಾಟುವ ಜಾಗ ಅದು. ಹಳೆ ಡಬ್ಬಾ ಟಿವಿಗಳು ಅಂಚನ್ನು ಮರೆಮಾಡುತ್ತಿದ್ದವು, ಹಾಗಾಗಿ ಆಗ ಕಾಣುತ್ತಿರಲಿಲ್ಲ. ಈಗಿನ ಟಿವಿ ಮತ್ತು ಕಂಪ್ಯೂಟರಿನಲ್ಲಿ ಪೂರ್ತಿ ಕಾಣುತ್ತದೆ. ಅದನ್ನು ಸರಿಪಡಿಸಲು ಹೋಗಬೇಡಿ.

ಚಿತ್ರದ ನಡುವೆ ಅಡ್ಡಕ್ಕೆ ಒಂದು ಚುಕ್ಕಿಗಳ ಪಟ್ಟೆ ಬಂದು ನಿಂತಿದ್ದರೆ ಅದು ಟ್ರ್ಯಾಕಿಂಗ್. ವಿಎಚ್‌ಎಸ್ ಟೇಪಿನ ಮೇಲೆ ಚಿತ್ರ ಓರೆ ಓರೆ ಗೆರೆಗಳಾಗಿ ಬರೆದಿರುತ್ತದೆ. ಓದುವ ಹೆಡ್ಡು ಅದೇ ಗೆರೆಯ ಮೇಲೆ ಸರಿಯಾಗಿ ಹಾಯಬೇಕು. ಮದುವೆ ಕ್ಯಾಸೆಟ್ ಬರೆದ ಯಂತ್ರ ಸ್ಟುಡಿಯೊದ್ದು, ಓದುವ ಯಂತ್ರ ನಿಮ್ಮದು. ಎರಡರ ಅಳತೆ ಕೂದಲೆಳೆ ಹೆಚ್ಚುಕಡಿಮೆ ಇದ್ದರೂ ಪಟ್ಟೆ ಬರುತ್ತದೆ. ಆಟೊ ಟ್ರ್ಯಾಕಿಂಗ್ ಸಾಮಾನ್ಯವಾಗಿ ಸಾಕು. ಸಾಲದಿದ್ದರೆ ಟೇಪು ಓಡುತ್ತಿರುವಾಗ ಚಾನೆಲ್ ಪ್ಲಸ್, ಮೈನಸ್ ಬಟನ್ ಒತ್ತಿ ಕೈಯಿಂದ ಸರಿಮಾಡಿ. ಹೆಚ್ಚಿನ ಯಂತ್ರಗಳಲ್ಲಿ ಟ್ರ್ಯಾಕಿಂಗ್ ಕೆಲಸ ಈ ಬಟನ್‌ಗಳಿಗೇ ಇರುತ್ತದೆ.

ಇಲ್ಲಿ ಒಂದು ಒಳ್ಳೆಯ ಪರೀಕ್ಷೆ ಇದೆ. ಟ್ರ್ಯಾಕಿಂಗ್ ಬಟನ್ ಒತ್ತಿದಾಗ ಪಟ್ಟೆ ಮೇಲೆ ಕೆಳಗೆ ಸರಿದರೆ ಅಥವಾ ದಪ್ಪ ಸಣ್ಣ ಆದರೆ, ದೋಷ ಈಗ ಓದುವಾಗ ಆಗುತ್ತಿದೆ. ಸರಿಮಾಡಬಹುದು. ನೀವು ಎಷ್ಟೇ ಒತ್ತಿದರೂ ಆ ಕೊಳಕು ಅಲ್ಲೇ ಇದ್ದರೆ, ಅದೇ ದೃಶ್ಯದಲ್ಲಿ ಪ್ರತಿ ಸಲವೂ ಹಾಗೇ ಬಂದರೆ, ಅದು ಚಿತ್ರದೊಳಗೇ ಬರೆದುಹೋಗಿದೆ. ಆಗಿನ ಸ್ಟುಡಿಯೊದವರು ಮಿಕ್ಸಿಂಗ್ ಮಾಡಿ, ಹೂವಿನ ಚೌಕಟ್ಟು ಹಾಕಿ, ಹಾಡು ಸೇರಿಸಿ, ಒಂದು ಟೇಪಿನಿಂದ ಇನ್ನೊಂದಕ್ಕೆ ನಕಲು ಮಾಡಿ ಕೊಡುತ್ತಿದ್ದರು. ನಮ್ಮ ಕೈಗೆ ಬಂದದ್ದು ಎಷ್ಟೋ ಸಲ ನಕಲಿನ ನಕಲು. ಅದರಲ್ಲಿ ಸೇರಿಹೋದ ಕೊಳಕಿಗೆ ಯಾವ ಹೆಡ್ ಕ್ಲೀನಿಂಗೂ ಉಪಯೋಗವಿಲ್ಲ. ಸುಮ್ನೆ ಇಳಿಸಿಬಿಡಿ.

ಅಲ್ಲಲ್ಲಿ ಮಿಂಚಿದಂತೆ ಸಣ್ಣ ಬಿಳಿ ಗೀಟು ಬಂದು ಮಾಯವಾದರೆ ಟೇಪಿನ ಮೇಲಿನ ಲೇಪ ಅಲ್ಲಿ ಉದುರಿದೆ. ಅದಕ್ಕೂ ಮದ್ದಿಲ್ಲ. ಒಂದು ಗಂಟೆಯ ಟೇಪಿನಲ್ಲಿ ಇಂಥವು ಒಂದಷ್ಟು ಇರುವುದು ಸಹಜ.

ಇಡೀ ಚಿತ್ರ ಚುಕ್ಕಿಗಳಲ್ಲಿ ಮುಳುಗಿದೆ, ಶಬ್ದ ಮಾತ್ರ ಸ್ವಚ್ಛವಾಗಿ ಕೇಳುತ್ತಿದೆ ಎಂದರೆ ಹೆಡ್ಡಿಗೆ ಕೊಳೆ ಕಟ್ಟಿಕೊಂಡಿದೆ. ವಿಎಚ್‌ಎಸ್‌ನಲ್ಲಿ ಚಿತ್ರ ಓದುವ ಹೆಡ್ಡುಗಳು ತಿರುಗುವ ಡ್ರಮ್ಮಿನ ಮೇಲೆ ಇರುತ್ತವೆ. ಡ್ರಮ್ಮಿನ ಅಗಲ 62 ಮಿಲಿಮೀಟರ್. ನಮ್ಮ ದೇಶದ ಪ್ಯಾಲ್ ಎಂಬ ಟಿವಿ ಪದ್ಧತಿಯಲ್ಲಿ ಅದು ಸೆಕೆಂಡಿಗೆ 25 ಸುತ್ತು ಹಾಕುತ್ತದೆ. ಸಾದಾ ಶಬ್ದ ಓದುವ ಹೆಡ್ಡು ಬೇರೆ ಕಡೆ, ಅಲುಗಾಡದೆ ಕುಳಿತಿರುತ್ತದೆ. ಅದಕ್ಕೇ ಚಿತ್ರ ಹೋದರೂ ಶಬ್ದ ಉಳಿಯುತ್ತದೆ. ಕಟ್ಟಿಕೊಂಡಾಗ ಕೆಲವು ಯಂತ್ರಗಳು ಚುಕ್ಕಿ ತೋರಿಸದೆ ನೀಲಿ ಪರದೆ ತೋರಿಸುತ್ತವೆ. ಮೆನುವಿನಲ್ಲಿ ಬ್ಲೂ ಬ್ಯಾಕ್ ಎಂಬುದನ್ನು ಆಫ್ ಮಾಡಿ. ಆಗ ನಿಜ ಏನೆಂದು ಕಾಣುತ್ತದೆ.

ಹೆಡ್ ಒರೆಸುವುದು ಹೇಗೆ? ಮಾರುಕಟ್ಟೆಯ ಒಣ ಕ್ಲೀನಿಂಗ್ ಕ್ಯಾಸೆಟ್ ನನಗೆ ಹಿಡಿಸುವುದಿಲ್ಲ. ಅದು ಉಜ್ಜಿ ಉಜ್ಜಿ ಹೆಡ್ಡನ್ನೇ ಸವೆಸುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ತೆಗೆದುಕೊಳ್ಳಿ, ಶೇಕಡಾ 99ರದ್ದು. ಮನೆಯಲ್ಲಿ ಉಳಿದ ಸ್ಯಾನಿಟೈಸರ್ ನಡೆಯುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ನಡೆಯುವುದಿಲ್ಲ. ಅದರಲ್ಲಿ ನೀರೂ ಇರುತ್ತದೆ, ಸಾಮಾನ್ಯವಾಗಿ ಗ್ಲಿಸರಿನ್ನೂ ಇರುತ್ತದೆ. ಅಂಟು ಉಳಿಯುತ್ತದೆ. ಪ್ಲಗ್ ಕಿತ್ತು ಒಂದಷ್ಟು ಹೊತ್ತು ಬಿಟ್ಟು ಮುಚ್ಚಳ ತೆಗೆಯಿರಿ. ಪವರ್ ಸಪ್ಲೈ ಕಡೆ ಕೈ ಹಾಕಬೇಡಿ, ಪ್ಲಗ್ ಕಿತ್ತರೂ ಅಲ್ಲಿನ ಕೆಪಾಸಿಟರ್ ಶಾಕ್ ಕೊಡಬಲ್ಲದು. ಜೆರಾಕ್ಸ್ ಮಾಡುವ ಬಿಳಿ ಹಾಳೆಯ ಒಂದು ಪಟ್ಟಿಯನ್ನು ಆಲ್ಕೊಹಾಲಿನಲ್ಲಿ ಒದ್ದೆ ಮಾಡಿ ಡ್ರಮ್ಮಿನ ಮೈಗೆ ಮೆಲ್ಲಗೆ ಒತ್ತಿ ಹಿಡಿಯಿರಿ. ಇನ್ನೊಂದು ಕೈಯಿಂದ ಡ್ರಮ್ಮಿನ ತಲೆ ಹಿಡಿದು ನಿಧಾನಕ್ಕೆ ತಿರುಗಿಸಿ. ಕಾಗದ ಅಲುಗಬಾರದು, ಡ್ರಮ್ ಮಾತ್ರ ತಿರುಗಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ, ಅಲ್ಲಿಗೆ ಯಂತ್ರದ ಕಥೆ ಮುಗಿಯಿತು. ಕಿವಿಗೆ ಹಾಕುವ ಹತ್ತಿ ಕಡ್ಡಿ ಡ್ರಮ್ಮಿಗೆ ಬೇಡ, ಅದರ ನೂಲು ಹೆಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಹತ್ತಿ ಕಡ್ಡಿಯನ್ನು ಅಲುಗದ ಶಬ್ದದ ಹೆಡ್ಡಿಗೆ, ಟೇಪು ಹಾಯುವ ಕಂಬಗಳಿಗೆ ಬಳಸಬಹುದು. ಕಾಗದ ಕಪ್ಪಾಗುವುದು ನಿಂತ ಮೇಲೆ ಆರಲು ಬಿಡಿ.

ಮುಚ್ಚಳ ತೆಗೆದಿಟ್ಟೇ ಟೇಪು ಓಡಿಸಿ ನೋಡುವ ಆಸೆ ಆಗುತ್ತದೆ. ಬಿಸಿಲು ಅಥವಾ ಜೋರು ಲೈಟು ಒಳಗೆ ಬಿದ್ದರೆ ಯಂತ್ರ ತಾನಾಗಿ ನಿಲ್ಲಬಹುದು, ಕ್ಯಾಸೆಟ್ ಹೊರಗೆ ದೂಡಬಹುದು. ಟೇಪು ಮುಗಿಯಿತು ಎಂದು ತಿಳಿಯಲು ಒಳಗೆ ಬೆಳಕಿನ ಸೆನ್ಸರ್ ಇದೆ. ಹೊರಗಿನ ಬೆಳಕು ಅದಕ್ಕೆ ಮೋಸ ಮಾಡುತ್ತದೆ. ಇದನ್ನು ಹೊಸ ದೋಷ ಎಂದುಕೊಂಡು ಇನ್ನಷ್ಟು ಬಿಚ್ಚುವವರಿದ್ದಾರೆ!

ತಲೆ ಬಾಗಿದ ಚಿತ್ರ, ತೇಲುವ ಶಬ್ದ

ಚಿತ್ರದ ಮೇಲ್ಭಾಗ ಒಂದು ಕಡೆಗೆ ವಾಲಿ ಅಲೆಯಾಡುತ್ತಿದೆ, ಮದುಮಗನ ಬಾಸಿಂಗ ಒಂದು ಕಡೆ, ಮುಖ ಇನ್ನೊಂದು ಕಡೆ. ಇದು ಟೇಪಿನ ಬಿಗಿತದ ತೊಂದರೆ. ವರ್ಷಗಟ್ಟಲೆ ಒಂದೇ ಕಡೆ ಸುತ್ತಿ ಬಿದ್ದ ಟೇಪನ್ನು ಒಮ್ಮೆ ಕೊನೆಯವರೆಗೆ ಮುಂದಕ್ಕೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ. ಎಷ್ಟೋ ಸಲ ಅರ್ಧ ತೊಂದರೆ ಅಲ್ಲೇ ಹೋಗುತ್ತದೆ. ಓಡಿಸುವಾಗ ಕೀಚ್ ಎಂದು ಸದ್ದು ಬಂದರೆ ತಕ್ಷಣ ನಿಲ್ಲಿಸಿ. ಉಳಿದದ್ದಕ್ಕೆ ಟೈಮ್ ಬೇಸ್ ಕರೆಕ್ಟರ್, ಅಂದರೆ ಅಲುಗುವ ಗೆರೆಗಳನ್ನು ನೆಟ್ಟಗೆ ಜೋಡಿಸುವ ಸಾಧನ, ಇರುವ ಯಂತ್ರ ಬೇಕು.

ಚಿತ್ರ ಸುರುಳಿ ಸುರುಳಿಯಾಗಿ ಉರುಳಿದರೆ, ಅಥವಾ ಸ್ಪೀಡು ತಾನಾಗಿ ಹೆಚ್ಚುಕಡಿಮೆ ಆದರೆ ಟೇಪಿನ ಕೆಳಗಿನ ಅಂಚು ನೋಡಿ. ಓಟ ಹಿಡಿದಿಡುವ ಕಂಟ್ರೋಲ್ ಟ್ರ್ಯಾಕ್ ಅಲ್ಲಿದೆ. ಮೇಲಿನ ಅಂಚಿನಲ್ಲಿ ಸಾದಾ ಶಬ್ದ ಇದೆ. ಹಾಗಾಗಿ ಮೇಲಿನ ಅಂಚು ಮುದುಡಿದ್ದರೆ ಚಿತ್ರ ಸರಿ ಇದ್ದು ಶಬ್ದ ಕೆಡುತ್ತದೆ. ಎರಡೂ ಅಂಚು ನೆಟ್ಟಗಿದ್ದು ಎಲ್ಲಾ ಟೇಪುಗಳಲ್ಲೂ ಶಬ್ದ ತೇಲಾಡಿದರೆ ತಪ್ಪು ಯಂತ್ರದ ಪಿಂಚ್ ರೋಲರಿನದು, ಅಂದರೆ ಟೇಪನ್ನು ಒತ್ತಿ ಎಳೆಯುವ ರಬ್ಬರ್ ಉರುಳೆಯದು. ಆ ರಬ್ಬರು ಹೊಳಪಾಗಿ, ಗಟ್ಟಿಯಾಗಿದ್ದರೆ ಬದಲಿಸಬೇಕು.

ಹೈ-ಫೈ ಟೇಪಿನಲ್ಲಿ ಶಬ್ದದ ಜೊತೆ ಜರ್ರ್ ಎಂದು ಬರುತ್ತಿದ್ದರೆ ಆಡಿಯೊ ಬಟನ್ ಒತ್ತಿ ನಾರ್ಮಲ್ ಅಥವಾ ಮೊನೊಗೆ ಬದಲಿಸಿ. ಹೈ-ಫೈ ಶಬ್ದವೂ ತಿರುಗುವ ಡ್ರಮ್ಮಿನಿಂದಲೇ ಬರುವುದು, ಟ್ರ್ಯಾಕಿಂಗ್ ತಪ್ಪಿದರೆ ಅದೂ ತಪ್ಪುತ್ತದೆ.

"ಕಾಪಿ ಮಾಡುವಂತಿಲ್ಲ" ಎಂದು ನಮ್ಮದೇ ಟೇಪಿಗೆ ಹೇಳಿದರೆ

ಮನೆಯ ನಾಮಕರಣದ ಕ್ಯಾಸೆಟ್ಟಿಗೆ ಯಂತ್ರ ಹೀಗೆ ಹೇಳಿದಾಗ ಸಿಟ್ಟು ಬರುತ್ತದೆ. ಕಾರಣ ಇದು. ಅಂಗಡಿಯಲ್ಲಿ ಮಾರುತ್ತಿದ್ದ ಸಿನಿಮಾ ಕ್ಯಾಸೆಟ್ಟುಗಳಲ್ಲಿ ಮ್ಯಾಕ್ರೊವಿಷನ್ ಎಂಬ ಬೀಗ ಇರುತ್ತಿತ್ತು. ಚಿತ್ರ ಕಾಣುವ ಭಾಗದ ಹೊರಗೆ, ಎರಡು ಚಿತ್ರಗಳ ನಡುವಿನ ಖಾಲಿ ಗೆರೆಗಳಲ್ಲಿ, ಬೇಕೆಂದೇ ಗಲಾಟೆಯ ಸಂಕೇತ ಇಟ್ಟಿರುತ್ತಿದ್ದರು. ರೆಕಾರ್ಡರ್ ಅದನ್ನು ಕಂಡರೆ ನಿಲ್ಲುತ್ತದೆ. ಹಳೆ ಮನೆ ಟೇಪಿನಲ್ಲಿ ಬೀಗ ಇಲ್ಲ, ಆದರೆ ಅದೇ ಜಾಗದಲ್ಲಿ ಸವೆತದ ಗಲಾಟೆ ಇರುತ್ತದೆ. ಯಂತ್ರ ಕಳ್ಳನೂ ಸಜ್ಜನನೂ ಒಂದೇ ಎಂದು ತಿಳಿಯುತ್ತದೆ.

ಟ್ರ್ಯಾಕಿಂಗ್ ತಿದ್ದಿ ನೋಡಿ. ಟೇಪಿನ ಆರಂಭದ ಹಾಳಾದ ಭಾಗ ಬಿಟ್ಟು, ಚಿತ್ರ ನಿಂತ ಮೇಲೆ ರೆಕಾರ್ಡ್ ಶುರು ಮಾಡಿ. ಆಗಲೂ ಬರದಿದ್ದರೆ ಬೇರೆ ವಿಸಿಆರ್‌ನಲ್ಲಿ ಟೇಪು ಓಡಿಸಿ, ವೈರಿನ ಮೂಲಕ ಕಾಂಬೊದ ಎವಿ ಇನ್‌ಪುಟ್ಟಿಗೆ ಕೊಡಿ. ಒಂದು ವಿಸಿಆರ್‌ಗೆ ಆಗದ ಟೇಪು ಇನ್ನೊಂದರಲ್ಲಿ ಸಲೀಸಾಗಿ ಬರುವುದುಂಟು.

ಅಮೆರಿಕದಿಂದ ಬಂದ ಕ್ಯಾಸೆಟ್

ಧಾರವಾಡ, ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಅಮೆರಿಕದ ಮಗಳು ಮೊಮ್ಮಗುವಿನ ಮೊದಲ ಹುಟ್ಟುಹಬ್ಬದ್ದು ಎಂದು ಕಳಿಸಿದ ಟೇಪು ಇರುತ್ತದೆ. ನೋಡಲು ನಮ್ಮದರಂತೆಯೇ ಇದೆ. ಆದರೆ ಲೇಬಲ್ ಮೇಲೆ ಇ-180 ಎಂದು ಇಲ್ಲ, ಟಿ-120 ಎಂದು ಇದೆ. ನಮ್ಮದು ಪ್ಯಾಲ್, 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಲ್ಲಿಯದು ಎನ್‌ಟಿಎಸ್‌ಸಿ, 525 ಗೆರೆ, ಸುಮಾರು 30 ಚಿತ್ರ. ನಮ್ಮ ಕಾಂಬೊಗಳಲ್ಲಿ ಬಹಳಷ್ಟು ಅದನ್ನು ಓದುತ್ತವೆ, ಟಿವಿಯಲ್ಲಿ ಬಣ್ಣವೂ ಸರಿ ಕಾಣುತ್ತದೆ. ಡಿಸ್ಕಿಗೆ ಇಳಿಸಿದರೆ ಮಾತ್ರ ಕಪ್ಪು-ಬಿಳುಪು, ಅಥವಾ ರೆಕಾರ್ಡ್ ಆಗುವುದೇ ಇಲ್ಲ. ಹೆಡ್ ಒರೆಸಿ ಪ್ರಯೋಜನವಿಲ್ಲ. ಮೆನುವಿಗೆ ಹೋಗಿ ಟಿವಿ ಸಿಸ್ಟಮ್ಮನ್ನು ಎನ್‌ಟಿಎಸ್‌ಸಿಗೆ ಬದಲಿಸಿ, ಹೊಸ ಖಾಲಿ ಡಿಸ್ಕ್ ಹಾಕಿ. ಪ್ಯಾಲ್ ಇರುವ ಡಿಸ್ಕಿನಲ್ಲೇ ಇದನ್ನೂ ಸೇರಿಸಲು ಹೋಗಬೇಡಿ. ಕೆಲಸ ಆದ ಮೇಲೆ ಸೆಟ್ಟಿಂಗ್ ವಾಪಸ್ ಪ್ಯಾಲ್‌ಗೆ ತನ್ನಿ, ಇಲ್ಲದಿದ್ದರೆ ಮುಂದಿನ ಟೇಪು ಕೆಡುತ್ತದೆ.

ಅಂಗೈಯಷ್ಟು ಚಿಕ್ಕ ಕ್ಯಾಸೆಟ್ಟುಗಳದು ಇನ್ನೊಂದು ಗೊಂದಲ. ವಿಎಚ್‌ಎಸ್-ಸಿ ಆದರೆ ಅಡಾಪ್ಟರ್ ಡಬ್ಬಿಯಲ್ಲಿ ಹಾಕಿ ಓಡಿಸಬಹುದು. ಮೋಟಾರ್ ಇರುವ ಅಡಾಪ್ಟರ್ ಆದರೆ ಅದರ ಸೆಲ್ ಸತ್ತಿದೆಯಾ ನೋಡಿ. 8 ಎಂಎಂ, ಹೈ-8 ಟೇಪಿಗೆ ಅಂಥ ಅಡಾಪ್ಟರ್ ಜಗತ್ತಿನಲ್ಲೇ ಇಲ್ಲ. ಅದನ್ನು ಓಡಿಸುವ ಕ್ಯಾಮೆರಾದಿಂದಲೇ ವೈರ್ ಎಳೆಯಬೇಕು.

ಡಿಸ್ಕಿನ ಕಡೆಯ ತಕರಾರು

ಟಿವಿಯಲ್ಲಿ ಟೇಪು ಚೆನ್ನಾಗಿದೆ, ಡಿಸ್ಕಿನಲ್ಲಿ ಮಾತ್ರ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ ಎಂದರೆ ಹೆಚ್ಚು ಹೊತ್ತಿನ ಮೋಡ್ ಆರಿಸಿದ್ದೀರಿ. 4.7 ಜಿಬಿ ಡಿಸ್ಕಿನಲ್ಲಿ ಎಕ್ಸ್‌ಪಿ ಮೋಡ್ ಒಂದು ಗಂಟೆ, ಎಸ್‌ಪಿ ಎರಡು ಗಂಟೆ, ಎಲ್‌ಪಿ ನಾಲ್ಕು ಗಂಟೆ ಹಿಡಿಸುತ್ತದೆ. ಇ-180 ಕ್ಯಾಸೆಟ್ ಮೂರು ಗಂಟೆಯದು. ಒಂದೇ ಡಿಸ್ಕಿನಲ್ಲಿ ಮುಗಿಸೋಣ ಎಂದು ಎಲ್‌ಪಿ ಹಾಕುತ್ತಾರೆ. ಚುಕ್ಕಿ ತುಂಬಿದ ಹಳೆ ಚಿತ್ರವನ್ನು ಕುಗ್ಗಿಸುವುದು ರೆಕಾರ್ಡರಿಗೆ ಬಲು ಕಷ್ಟ. ಎಸ್‌ಪಿ ಮೋಡಿನಲ್ಲಿ ಎರಡು ಡಿಸ್ಕ್ ಮಾಡಿ. ಅರಿಶಿನ ಒಂದರಲ್ಲಿ, ಅಕ್ಷತೆ ಒಂದರಲ್ಲಿ ಇರಲಿ.

ಡಿಸ್ಕ್ ಎರರ್ ಎಂದು ಬಂದರೆ ಮೊದಲು ಬೇರೆ ಕಂಪನಿಯ ಡಿಸ್ಕ್ ಹಾಕಿ. ಹಳೆ ಯಂತ್ರಗಳಿಗೆ ಕೆಲವು ಡಿಸ್ಕ್ ಒಗ್ಗುವುದಿಲ್ಲ. ಯಾವ ಡಿಸ್ಕಿಗೂ ಬರೆಯದೆ, ಹಳೆ ಸಿನಿಮಾ ಡಿವಿಡಿಗಳನ್ನು ಮಾತ್ರ ಓದುತ್ತಿದ್ದರೆ ಬರೆಯುವ ಲೇಸರ್ ಸೋತಿದೆ. ಆಗಲೂ ಯಂತ್ರ ಎಸೆಯಬೇಡಿ. ಅದರ ವಿಸಿಆರ್ ಚೆನ್ನಾಗಿದ್ದರೆ ಹಳದಿ-ಬಿಳಿ-ಕೆಂಪು ವೈರನ್ನು ಯುಎಸ್‌ಬಿ ಕ್ಯಾಪ್ಚರ್ ಡಬ್ಬಿಗೆ ಕೊಟ್ಟು ನೇರವಾಗಿ ಕಂಪ್ಯೂಟರಿಗೆ ಇಳಿಸಬಹುದು.

ನಮ್ಮ ಯಂತ್ರದಲ್ಲಿ ಓಡುತ್ತದೆ, ಬೀಗರ ಮನೆ ಪ್ಲೇಯರಿನಲ್ಲಿ ಓಡುವುದಿಲ್ಲ ಎನ್ನುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ, ಫೈನಲೈಸ್ ಮಾಡಿಲ್ಲ, ಅಂದರೆ ಬೇರೆ ಪ್ಲೇಯರುಗಳೂ ಓದುವಂತೆ ಡಿಸ್ಕನ್ನು ಮುಗಿಸಿಲ್ಲ. ಮೆನುವಿನಲ್ಲಿ ಫೈನಲೈಸ್ ಕೊಟ್ಟು ಅದು ಮುಗಿಯುವವರೆಗೆ ಮುಟ್ಟದೆ ಬಿಡಿ. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಡಿಸ್ಕ್ ಹಾಳಾಗುವ ಸಂಭವ ಜಾಸ್ತಿ. ಮೇ ತಿಂಗಳ ಗುಡುಗು ಮಳೆಯ ಸಂಜೆಗಳಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ, ಇಟ್ಟುಕೊಂಡರೆ ಯಂತ್ರ ಯುಪಿಎಸ್ ಮೇಲೆ ಇರಲಿ.

ಫೈನಲೈಸ್ ಆಗುವ ಮುಂಚೆಯೇ ಯಂತ್ರ ಕೆಟ್ಟು ನಿಂತರೂ ರೆಕಾರ್ಡ್ ಆದದ್ದು ಡಿಸ್ಕಿನಲ್ಲಿ ಇರುತ್ತದೆ. ಕಂಪ್ಯೂಟರಿನಲ್ಲಿ ಹಾಕಿದರೆ ಖಾಲಿ ಎಂದು ತೋರಿಸಬಹುದು, ನಂಬಬೇಡಿ. ಐಸೊಬಸ್ಟರ್‌ನಂಥ ಸಾಫ್ಟ್‌ವೇರ್ ಅಂಥ ಡಿಸ್ಕಿನಿಂದಲೂ ವಿಡಿಯೊ ಎತ್ತಿಕೊಡುತ್ತದೆ. ಅಲ್ಲಿಯವರೆಗೆ ಆ ಡಿಸ್ಕಿನ ಮೇಲೆ ಮತ್ತೇನೂ ಬರೆಯಬೇಡಿ, ಕ್ಯಾಸೆಟ್ಟನ್ನು ಗುಜರಿಗೂ ಹಾಕಬೇಡಿ.